ಗಾಣದವನು ದೇವರಿಗೆ ಬಿಟ್ಟ ಎತ್ತು

ಆ ಎತ್ತು ಯಾವಾಗ ಕುರುಡಾಯಿತೆಂದು ಯಾರಿಗೂ ಗೊತ್ತಿರಲಿಲ್ಲ. ಗಾಣದ ಎತ್ತಿಗೆ ಹೇಗೂ ಕಣ್ಣಿಗೆ ಬಟ್ಟೆ ಕಟ್ಟಿರುತ್ತಾರೆ. ಬಟ್ಟೆಯ ಹಿಂದೆ ಕಣ್ಣು ಕೆಟ್ಟು, ಕೀವು ಸೋರಿ, ಬೆಳಕು ಹೋದ ಮೇಲೂ ಅದು ಸುತ್ತುತ್ತಲೇ ಇತ್ತು, ಎಣ್ಣೆ ಬರುತ್ತಲೇ ಇತ್ತು. ಹಿಂಗಾಲಿನ ಗೊರಸು ಕೊಳೆತು ನಡೆಯಲಾರದೆ ನಿಂತ ದಿನವೇ ಹುನಗುಂದದ ಆ ಗಾಣದವನು ಬಟ್ಟೆ ಬಿಚ್ಚಿ ನೋಡಿದ್ದು. ಕಸಾಯಿಗೆ ಕೊಟ್ಟರೆ ಜನ ಉಗಿಯುತ್ತಾರೆ, ಇಟ್ಟುಕೊಂಡರೆ ಮೇವು ಹಾಕಬೇಕು. ಅವನು ಸುಲಭದ ದಾರಿ ಹಿಡಿದ. ಮೂಗುದಾರ ಕತ್ತರಿಸಿ, ಹಣೆಗೆ ಕುಂಕುಮ ಹಚ್ಚಿ, ತನ್ನ ಮನೆದೇವರಿದ್ದ ಊರಿನ ಬಸವಣ್ಣನ ಗುಡಿಯ ಮುಂದೆ ಎತ್ತನ್ನು ದೇವರಿಗೆ ಬಿಟ್ಟು ಹೋದ. ಕಾಯಿ ಒಡೆದನಂತೆ. ಪುಣ್ಯವನ್ನೂ ಕಟ್ಟಿಕೊಂಡನಂತೆ.

ಕುಂಕುಮ ಹಚ್ಚುವ ಆ ಕೈ ನನಗೆ ಈಗಲೂ ಕಾಣುತ್ತದೆ. ಆದರೆ ಅಂದು ನಾನು ಪುಣೆಯಲ್ಲಿದ್ದೆ. ಕೇಳಿದ್ದನ್ನೇ ಕಂಡದ್ದೆಂದು ಮಾಡಿಕೊಂಡಿದ್ದೇನೆ. ಓದುವವರು ಮುಂದಿನದನ್ನೂ ಈ ಅನುಮಾನ ಇಟ್ಟುಕೊಂಡೇ ಓದಬೇಕು.

ಆ ಊರು ಕಮತಗಿಯಿಂದ ಆಚೆ, ನನ್ನ ಅತ್ತೆಯದು. ತಂದೆಯ ಅಕ್ಕ, ಮಕ್ಕಳಿಲ್ಲದ ವಿಧವೆ. ಬಿ.ಎ. ಮುಗಿಸಿ, ಮುಂದೇನು ಎಂಬುದು ತಿಳಿಯದೆ, ಬಾಗಲಕೋಟೆಗೆ ರೈಲಿನಲ್ಲಿ ಬಂದು ಅಲ್ಲಿಂದ ಚಕ್ಕಡಿಯಲ್ಲಿ ಅವಳ ಮನೆ ಸೇರಿದಾಗ, ಗುಡಿಯ ಮುಂದಿನಿಂದ ಅವಳು ನಡೆಸಿಕೊಂಡು ಬಂದಿದ್ದ ಎತ್ತು ಅವಳ ಹಿತ್ತಲಿನಲ್ಲಿತ್ತು. ಜೊತೆಗೆ ಮುಂಗಾಲು ತಿರುಚಿಕೊಂಡು ಹುಟ್ಟಿದ ಎಮ್ಮೆಗರು, ಚಕ್ಕಡಿಯ ಗಾಲಿಗೆ ಸಿಕ್ಕು ಸೊಂಟ ಹೋದ ನಾಯಿ. ಕರುವಿನ ಕಾಲಿಗೆ ಬಿದಿರಿನ ದಬ್ಬೆ ಕಟ್ಟಿ ದಿನಾ ನಾಲ್ಕು ಹೆಜ್ಜೆ ನಡೆಸುತ್ತಿದ್ದಳು. ನಾಯಿಯನ್ನು ಹೊತ್ತಿಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುತ್ತಿದ್ದಳು. ಎತ್ತನ್ನು ಮುಟ್ಟುವ ಮೊದಲು ಮಾತಾಡಿಸುತ್ತಿದ್ದಳು: "ನಾ ಬಂದೇನಪಾ, ಎಡಕ್ಕದೀನಿ." ಊರವರು ನಗುತ್ತಿದ್ದರು. ನಾನೂ ಮೊದಲ ಎರಡು ದಿನ ನಕ್ಕೆ.

ಗೊರಸಿನೊಳಗೆ ಮತ್ತೆ ಕೀವು ತುಂಬಿ ಕಾಲು ಮೊಣಕಾಲಿನವರೆಗೆ ಬಾತಿತು. ಎತ್ತು ಮೇವು ಬಿಟ್ಟಿತು. ಅತ್ತೆ ಇಳಕಲ್ಲಿನ ನಾಲಬಂದನಿಗೆ ಹೇಳಿ ಕಳಿಸಿದಳು. ಎತ್ತು, ಕುದುರೆಗಳ ಗೊರಸಿಗೆ ನಾಲು ಹೊಡೆಯುವ ಮುಸಲ್ಮಾನ ಮುದುಕ. ಗೊರಸು ಒತ್ತಿ ನೋಡಿ ಹೇಳಿದ:

"ಕೊಯ್ದು ಕೀವು ತಗೀಬೇಕ್ರಿ ಅವ್ವಾರ. ತಡಾ ಮಾಡಿದ್ರ ಹೋತು ಅಂತ ತಿಳೀರಿ. ಆದ್ರ ಹಗ್ಗ ಹಾಕಿ ಕೆಡವಬೇಕು. ನಿಂತ ಎತ್ತಿನ ಕಾಲು ಹಿಡದ್ರ ನನ್ನ ಹಲ್ಲು ಹೋಗ್ತಾವು. ಉಳದಾವೇ ನಾಕು."

ನಮ್ಮ ಕಡೆ ದೇವರಿಗೆ ಬಿಟ್ಟ ಎತ್ತಿಗೆ ಮತ್ತೆ ಹಗ್ಗ ಸೋಕಿಸುವಂತಿಲ್ಲ. ಸೋಕಿಸಿದರೆ ಊರಿಗೇ ಕೇಡು ಎಂದು ನಂಬಿಕೆ. ಸುದ್ದಿ ಕೇಳಿ ಊರಗೌಡ ಹಿತ್ತಲಿಗೆ ಬಂದ.

"ಹಗ್ಗ ಹಾಕಂಗಿಲ್ಲ ಯಕ್ಕಾ."

"ಕೊಳತು ಸತ್ರ ಊರಿಗೆ ಒಳ್ಳೇದಾಗತೈತೇನ್ರಿ ಗೌಡ್ರ?"

"ಅದು ದೇವರ ಮರ್ಜಿ."

ನನಗೆ ಸಿಟ್ಟು ನೆತ್ತಿಗೇರಿತು. ಗೌಡನ ಹಿಂದೆಯೇ ಗುಡಿಯ ಕಟ್ಟೆಗೆ ಹೋಗಿ, ಕೂತಿದ್ದವರೆಲ್ಲರ ಮುಂದೆ ಕೂಗಾಡಿದೆ. "ಅದು ದೇವರಲ್ಲ, ದೇವರದೂ ಅಲ್ಲ. ಬರೇ ಎತ್ತು! ಮೂಗುದಾರ ಕತ್ತರಿಸಿದ ಕೂಡ್ಲೇ ಎತ್ತು ಬ್ಯಾರೇ ಆಗೂದಿಲ್ಲ!"

"ಪುಣೇದಾಗ ಎತ್ತಿನ ಮ್ಯಾಲೂ ಪರೀಕ್ಷಾ ಇಡ್ತಾರೇನೋ ತಮ್ಮಾ?" ಎಂದ ಗೌಡ. ಕಟ್ಟೆಯೆಲ್ಲ ನಕ್ಕಿತು. ಅಂದೇ ಸಂಜೆ ನಮ್ಮ ಹಿತ್ತಲ ಬಾಗಿಲಿಗೆ, ಹಗ್ಗ ಒಳಗೆ ಹೋಗದಂತೆ, ಇಬ್ಬರನ್ನು ಕೂರಿಸಿದರು.

ಅತ್ತೆ ನನ್ನ ಮೇಲೆ ಹರಿಹಾಯ್ದಳು. "ನೀ ಬಾಯಿ ಮಾಡದಿದ್ರ ಗೌಡ್ತಿ ಕಡಿಂದ ಹೇಳಿಸಿ ಒಪ್ಪಸ್ತಿದ್ದೆ. ಈಗ ಒಪ್ಪಿದ್ರ ಅವರು ನಿನಗ ಸೋತಂಗ. ಎತ್ತು ಸತ್ರೂ ಒಪ್ಪೂದಿಲ್ಲ."

ಮರುದಿನ ಬೆಳಿಗ್ಗೆ ಅವಳು ಜೋಳ ಬೀಸಲು ಕೂತಳು. ಬೀಸುಕಲ್ಲು ಗರಗರ ಎಂದ ಕೂಡಲೇ ಎತ್ತು ಕುಂಟುತ್ತ ಎದ್ದು ಹಿತ್ತಲಿನಲ್ಲಿ ಸುತ್ತತೊಡಗಿತು. ಗಾಣದಷ್ಟೇ ಅಗಲದ ಸುತ್ತು. ಕಲ್ಲು ನಿಂತಾಗ ಅದೂ ನಿಂತಿತು. ರಾತ್ರಿ ನಮ್ಮಲ್ಲೇ ಉಳಿದಿದ್ದ ನಾಲಬಂದ ಬೀಡಿ ಎಸೆದು ಹತ್ತಿರ ಸರಿದ. ಗಾಣ ನಿಂತಾಗ ಹಿಂಡಿ ಬಾಚುವವನು ಎತ್ತಿನ ಕಾಲ ಬಳಿಯೇ ಓಡಾಡುತ್ತಾನೆ. ಆಗ ಎತ್ತು ಕದಲಿದರೆ ಬಡಿಗೆಯ ಏಟು. ಇದು ಅವನಿಗೆ ಗೊತ್ತಿತ್ತು.

"ಇನ್ನೊಮ್ಮೆ ಬೀಸ್ರಿ ಅವ್ವಾರ. ನಾ ಹ್ಞೂಂ ಅಂದ ಕೂಡ್ಲೇ ನಿಲ್ಲಸ್ರಿ. ಏ ಬಿ.ಎ. ಸಾಹೇಬ್ರ, ಬೇವಿನ ನೀರು ಹಿಡೀರಿ, ನಡಗಬ್ಯಾಡ್ರಿ."

ಕಲ್ಲು ನಿಂತಿತು. ಅವನು ಕಾಲನ್ನು ತೊಡೆಯ ಮೇಲೆ ಎತ್ತಿಕೊಂಡು ಕೊಯ್ದ. ಕೀವು, ಕಪ್ಪು ರಕ್ತ, ತಡೆಯಲಾರದ ನಾತ. ಎತ್ತಿನ ಮೈತೊಗಲು ಅಲೆಅಲೆಯಾಗಿ ನಡುಗುತ್ತಿತ್ತು, ಕಾಲು ಮಾತ್ರ ಅಲುಗಲಿಲ್ಲ. ಬಾಗಿಲ ಕಾವಲಿನವರು ಇಣುಕಿ ನೋಡಿ ಕೈ ಮುಗಿದರು. ಬಸವಣ್ಣನೇ ಹಿಡಿದು ನಿಲ್ಲಿಸಿದನೆಂದು ಊರೆಲ್ಲ ಸಾರಿದರು. ಹಿಡಿದು ನಿಲ್ಲಿಸಿದ್ದು ಎಷ್ಟೋ ವರ್ಷಗಳ ಬಡಿಗೆ. ಅದನ್ನು ಹೇಳಲು ಹೋದರೆ ಕೇಳುವವರು ಯಾರು?

ಬೀಸುಕಲ್ಲಿನ ಉಪಾಯ ನನ್ನದೇ ಎಂದು ಎಷ್ಟೋ ಕಾಲ ಸ್ನೇಹಿತರಿಗೆ ಹೇಳಿಕೊಂಡೆ. ಒಮ್ಮೆ ಅತ್ತೆಯ ಎದುರೂ ಹೇಳಿದೆ. "ಹೌದೇನು? ಅವತ್ತು ನಿನ್ನ ಎಬ್ಬಿಸಿದಾವ ಆ ನಾಲಬಂದ" ಎಂದಳು. ಅಂದು ನಾನು ನಿದ್ದೆಯಲ್ಲಿದ್ದೆನೆಂಬುದು ನನಗೆ ನೆನಪಿಲ್ಲ. ಹಾಗಾದರೆ ಮೊದಲ ಸುತ್ತನ್ನು ನೋಡಿದವರು ಯಾರು?

ಕಾಲು ಮಾಯಿತು. ಅತ್ತೆ ತೊಗಲಿನ ಚೀಲ ಹೊಲಿದು ಗೊರಸಿಗೆ ತೊಡಿಸಿದಳು. ಮೇವು ಹತ್ತಿ ಎತ್ತಿನ ಮೈ ತುಂಬಿತು. ಆಗ ಬಂದ ಗಾಣದವನು, ಹೆಗಲ ಮೇಲೆ ಹೊಸ ಹಗ್ಗ ಹಾಕಿಕೊಂಡು, ಗೌಡನನ್ನೂ ಕರೆದುಕೊಂಡು.

"ಎತ್ತು ಒಯ್ಯಾಕ ಬಂದೇನ್ರಿ."

"ದೇವರಿಗೆ ಬಿಟ್ಟಿದ್ದಲ್ಲೇನು?" ಎಂದಳು ಅತ್ತೆ.

ಅವನು ನನ್ನ ಕಡೆ ತಿರುಗಿ ನಕ್ಕ. "ನಿಮ್ಮ ಅಳಿಯಾರೇ ಕಟ್ಟಿ ಮ್ಯಾಲೆ ನಿಂತು ಹೇಳ್ಯಾರಂತಲ್ರಿ, ದೇವರದಲ್ಲ, ಬರೇ ಎತ್ತು ಅಂತ. ಓದಿದವರ ಮಾತು ಸುಳ್ಳಾದೀತೇನ್ರಿ? ಬರೇ ಎತ್ತಾದ್ರ ಅದು ನಂದು. ಕುರುಡಿದ್ರೇನು, ಗಾಣಕ್ಕ ಕಣ್ಣು ಬೇಕಾಗಿಲ್ಲ."

ಗೌಡನಿಗೆ ಖುಷಿಯೋ ಖುಷಿ. "ಏನಂತೀ ತಮ್ಮಾ? ದೇವರದೋ, ಇವಂದೋ? ನೀ ಹೇಳಿದಂಗ."

ಗಾಣದವನ ದನಿ ಕೇಳಿದ್ದೇ ಎತ್ತು ಮೇವು ಬಿಟ್ಟು ಕುತ್ತಿಗೆ ಬಗ್ಗಿಸಿತು, ನೊಗಕ್ಕೆ.

ನನ್ನ ಓದು, ನನ್ನ ತರ್ಕ, ಕಟ್ಟೆಯ ಮೇಲೆ ಕೂಗಿದ ಸತ್ಯ ಎಲ್ಲವೂ ಅವನ ಹೆಗಲ ಮೇಲಿನ ಆ ಹಗ್ಗವಾಗಿತ್ತು. "ದೇವರದು" ಎಂದೆ. ಎಲ್ಲರಿಗೂ ಕೇಳುವಂತೆ ಎಂದೆ. ಗೌಡ ಗಹಗಹಿಸಿ ನಕ್ಕು, "ಕೇಳಿದೆಲ್ಲೋ, ನಡಿ" ಎಂದು ಗಾಣದವನನ್ನು ಹೊರಡಿಸಿದ. ನನ್ನ ನೆನಪು ಹೀಗಿದೆ. ಅತ್ತೆ ಸಾಯುವವರೆಗೂ ಬೇರೆ ಹೇಳುತ್ತಿದ್ದಳು: ನಾನು ಬಾಯಿ ತೆರೆಯಲೇ ಇಲ್ಲವಂತೆ, ಅವಳೇ ಹಗ್ಗಕ್ಕೆ ಅಡ್ಡ ನಿಂತು "ದೇವರದು" ಎಂದಳಂತೆ. ಅಂದಿದ್ದರೆ ಸುಳ್ಳುಗಾರ, ಅನ್ನದಿದ್ದರೆ ಹೇಡಿ. ಯಾವುದಾದರೂ ಆಗಲಿ, ಎತ್ತನ್ನು ಬದುಕಿಸಲು ಒಂದು ಸುಳ್ಳೇ ಬೇಕಾಯಿತಲ್ಲ ಎಂಬ ಸಿಟ್ಟು ಇಂದಿಗೂ ಆರಿಲ್ಲ.

ಗಾಣದವನು ಹೋದ ಮೇಲೂ ಎತ್ತು ಕುತ್ತಿಗೆ ಬಗ್ಗಿಸಿಯೇ ನಿಂತಿತ್ತು. ಅತ್ತೆ ಅದರ ಗದ್ದದ ಕೆಳಗೆ ಕೈಯಿಟ್ಟು ತಲೆಯನ್ನು ಮೇಲೆತ್ತಿದಳು. ಕೈ ತೆಗೆದ ಕೂಡಲೇ ಮತ್ತೆ ಬಗ್ಗಿಸಿತು. ಅವಳು ಮತ್ತೆ ಎತ್ತಿದಳು. ಹೊತ್ತು ಮುಳುಗುವವರೆಗೂ ಎತ್ತುತ್ತಲೇ ಇದ್ದಳು. ಇದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.