ಅತ್ತಿಗೆಯ ಹಸಿರು ಬಳೆ

ಮೊನ್ನೆ ಅತ್ತಿಗೆಯ ಜೊತೆ ರಾಯದುರ್ಗದ ಬಜಾರಿಗೆ ಹೋಗಿದ್ದೆ. ಬಳೆಗಾರ ಹಸಿರು ಗಾಜಿನ ಬಳೆಗಳ ಗೊಂಚಲನ್ನು ಅಲ್ಲಾಡಿಸಿದ. ಆ ಸದ್ದಿಗೆ ನಿಮಗೆ ಸೀಮಂತ ನೆನಪಾಗಬಹುದು. ನನಗೆ ಮೈ ಉರಿಯಿತು. ಕೂದಲು ನರೆತರೂ ಈ ಸಿಟ್ಟು ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ನನಗಿಲ್ಲ.

ವಯಸ್ಸಿನಲ್ಲಿದ್ದಾಗ ನಾನೂ ಅತ್ತಿಗೆ ಗಂಗಮ್ಮನೂ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಅಕ್ಕಪಕ್ಕದ ಮಿಷನ್ನಿಗೆ ಕೂರುತ್ತಿದ್ದೆವು. ಅಣ್ಣನಿಗೆ ಬೆಂಗಳೂರಿನಲ್ಲಿ ಗಾರೆ ಕೆಲಸ. ಹಬ್ಬಕ್ಕೆ ಬಂದು ಹೋಗುತ್ತಿದ್ದ. ಬಟ್ಟೆಯ ನೀಲಿ ಕೈಗೆ ಹತ್ತಿದರೆ ಉಣ್ಣುವ ಅನ್ನವೂ ನೀಲಿಯಾದೀತೆಂದು ಹೆದರುವಷ್ಟು ಧೈರ್ಯಸ್ಥೆ ನಾನು. ಅತ್ತಿಗೆಯೋ, ಒಂದು ಜೇಬು ಹಚ್ಚುವುದರೊಳಗೆ ಒಂದು ಹಾಡು ಮುಗಿಸುತ್ತಿದ್ದಳು.

ಒಂದು ವರ್ಷ ಅವಳ ಮುಟ್ಟು ನಿಂತಿತು. ಎದೆಯಲ್ಲಿ ಹಾಲು ಬಂದು ರವಿಕೆ ಒದ್ದೆಯಾಯಿತು. ಆಸ್ಪತ್ರೆಗೆ ತೋರಿಸಬೇಕೆಂದಳು.

“ಡಾಕ್ಟರ್ ಯಾಕ ಬೇಕು? ನಾ ನಾಕು ಹೆತ್ತಾಕಿ, ನನಗ ಗೊತ್ತಾಗಂಗಿಲ್ಲೇನು?” ಎಂದಳು ನಮ್ಮವ್ವ. ಓಣಿಯ ಹೆಂಗಸರನ್ನೆಲ್ಲ ಕರೆದು ಸೊಸೆಗೆ ಹಸಿರು ಬಳೆ ತೊಡಿಸಿಬಿಟ್ಟಳು.

ಹೊಟ್ಟೆ ಮಾತ್ರ ಏಳಲಿಲ್ಲ. ಬದಲಿಗೆ ತಲೆನೋವು ಬಂತು. ಪಕ್ಕದಲ್ಲಿಟ್ಟ ಬಟ್ಟೆಯ ಬಂಡಲ್ ಕಾಣದೆ ಅವಳ ಮೊಣಕೈ ತಾಗಿ ಬೀಳತೊಡಗಿತು. “ಧ್ಯಾಸ ಎಕ್ಕಡುಂದಮ್ಮಾ?” ಎಂದು ತೆಲುಗಿನಲ್ಲಿ ಗದರಿದ ಸೂಪರ್‌ವೈಸರ್, ಗಮನವಿಲ್ಲದವರು ಬೇಡವೆಂದು ಕೆಲಸ ಬಿಡಿಸಿದ. ಬದಿಯಿಂದ ಬಂದವರನ್ನು ಮಾತಾಡಿಸಲಿಲ್ಲವೆಂದು ಓಣಿಯವರು ಸೊಕ್ಕಿನಾಕಿ ಎಂದರು. ಕೊನೆಗೊಂದು ಮಧ್ಯಾಹ್ನ ಅದೇ ಹೆಂಗಸರೆದುರು ಅವ್ವ ಸಿಡಿದಳು: “ಬಸುರಿ ಅಂತ ನಾಟಕ ಮಾಡ್ತೀಯೇನ? ತೆಗಿ ಆ ಬಳೆ!”

ಬಸುರಿ ಎಂದು ಅತ್ತಿಗೆ ಯಾವತ್ತು ಹೇಳಿದ್ದಳು? ಫೋನಿನಲ್ಲಿ ಅಣ್ಣ, “ಅವ್ವ ಹೇಳಿದಂಗ ಕೇಳು” ಎಂದ. ಅವನಿಗೆ ಇನ್ನೊಂದು ಹೆಣ್ಣು ನೋಡುವ ಮಾತೂ ಶುರುವಾಯಿತು.

ನಾನು ಯಾರನ್ನೂ ಕೇಳದೆ ಅವಳನ್ನು ಬಳ್ಳಾರಿ ಬಸ್ಸಿಗೆ ಹತ್ತಿಸಿದೆ. ಅಲ್ಲಿಯ ಆಸ್ಪತ್ರೆಯ ಡಾಕ್ಟರಮ್ಮ ಎರಡೂ ಕೈ ಅಗಲಿಸಿ, “ನೆಟ್ಟಗ ನನ್ನ ಮೂಗು ನೋಡ್ರಿ. ಬದಿಯಾಗ ಬೆರಳು ಕಾಣ್ತಾವೇನ್ರಿ?” ಎಂದರು.

“ಇಲ್ರಿ,” ಎಂದಳು ಅತ್ತಿಗೆ. “ಬರೇ ನೀವು ಕಾಣ್ತೀರಿ.”

ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಆದ ಮೇಲೆ ಗೊತ್ತಾಯಿತು. ಮೆದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಕಡಲೆಕಾಳಿನಷ್ಟು ಗ್ರಂಥಿಯಿದೆಯಂತೆ, ಅಲ್ಲೊಂದು ಗಡ್ಡೆ. ಕ್ಯಾನ್ಸರ್ ಅಲ್ಲ. ಆದರೆ ಹಾಲು ಬರಿಸುವ ಹಾರ್ಮೋನನ್ನು ಮಿತಿಮೀರಿ ಸುರಿಸಿ ಮುಟ್ಟನ್ನೂ ಅದೇ ನಿಲ್ಲಿಸಿತ್ತು. ಬೆಳೆದು ಕಣ್ಣಿನ ನರವನ್ನು ಒತ್ತುತ್ತಿತ್ತು. ಇಂಥ ಗಡ್ಡೆ ಬಹಳ ಮಂದಿಗೆ ಮಾತ್ರೆಯಲ್ಲೇ ಕುಗ್ಗುತ್ತದೆ, ಇನ್ನೂ ತಡವಾಗಿದ್ದರೆ ಕಣ್ಣು ಹೋಗುತ್ತಿತ್ತು ಎಂದರು ಡಾಕ್ಟರಮ್ಮ.

ಮಾತ್ರೆಯಿಂದ ಗಡ್ಡೆ ಕುಗ್ಗಿತು, ಮುಟ್ಟು ಮರಳಿತು, ನೋಟ ನಿಧಾನವಾಗಿ ಅಗಲವಾಯಿತು. ಎರಡನೇ ಹೆಣ್ಣಿನ ಮಾತು, ಯಾರೂ ಆಡಿರಲೇ ಇಲ್ಲವೆಂಬಂತೆ ಅಡಗಿತು. “ನನಗೇನು ಗೊತ್ತಿತ್ತವ್ವ?” ಎಂದಳು ಅವ್ವ. ಗೊತ್ತಿಲ್ಲದಿರುವುದು ತಪ್ಪಲ್ಲ, ಒಪ್ಪುತ್ತೇನೆ. ಗೊತ್ತಿಲ್ಲದೆಯೇ ಬಳೆ ತೊಡಿಸಿ, ಗೊತ್ತಿಲ್ಲದೆಯೇ ತೆಗೆಸಿದರಲ್ಲ, ಅದನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ಅವಳ ಮೈಯ ಬಗ್ಗೆ ಊರೆಲ್ಲ ಮಾತಾಡಿತು, ಅವಳನ್ನು ಮಾತ್ರ ಯಾರೂ ಕೇಳಲಿಲ್ಲ.

“ಯಾರಿಗ್ರಿ ಸೀಮಂತ?” ಎಂದು ಮೊನ್ನೆ ಆ ಬಳೆಗಾರ ನಗುತ್ತ ಕೇಳಿದ. ನಾನು ಜಗಳಕ್ಕೆ ಬಾಯಿ ತೆರೆದಿದ್ದೆ.

“ಯಾರಿಗೂ ಇಲ್ರಿ. ನನಗ ಹಸಿರು ಸೇರ್ತದ,” ಎಂದ ಅತ್ತಿಗೆ, ತಲೆ ತಿರುಗಿಸದೆಯೇ ಬದಿಯಲ್ಲಿ ತೂಗುತ್ತಿದ್ದ ಗೊಂಚಲಿಗೆ ಕೈ ಹಾಕಿದಳು.

ನಾನು ಬಾಯಿ ಮುಚ್ಚಿ, ನನ್ನ ಕೈಯನ್ನೂ ಬಳೆಗಾರನ ಮುಂದೆ ಚಾಚಿದೆ.