ವಿಚಾರಣೆ ಅಕ್ಕನ ಎರಡನೇ ಬ್ರೇಕ್

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಗಾಜಿಗೆ ಅಂಗೈ ತೂರುವಷ್ಟು ಒಂದು ಅರ್ಧಚಂದ್ರದ ತೂತು ಇತ್ತು. ಹೊರಗಿನವರು ಅದಕ್ಕೆ ಬಾಯಿ ಒಡ್ಡಿ ಪ್ರಶ್ನೆ ಕೇಳಬೇಕು, ಒಳಗಿನವರು ಅದರ ಮೂಲಕವೇ ಉತ್ತರ ಹೇಳಬೇಕು. ಒಳಗೆ ಕೂರುತ್ತಿದ್ದ ಹೆಂಗಸನ್ನು ಡ್ರೈವರು, ಕಂಡಕ್ಟರುಗಳೆಲ್ಲ ವಿಚಾರಣೆ ಅಕ್ಕ ಎನ್ನುತ್ತಿದ್ದರು. ಆಕೆ ಒಂದು ಪ್ರಶ್ನೆಯನ್ನಾದರೂ ಪೂರ್ತಿ ಕೇಳಿಸಿಕೊಂಡದ್ದನ್ನು ಕಂಡವರಿಲ್ಲ. ಟ್ರಂಕು ಹೊತ್ತವರು ಯಾವ ಊರಿಗೆ ಹೊರಟವರು, ಎಕ್ಸ್-ರೇ ಕವರು ಹಿಡಿದವರಿಗೆ ಯಾವ ಬಸ್ಸು ಬೇಕು ಎಂಬುದು ಅವರು ಬಾಗುವಷ್ಟರಲ್ಲೇ ಆಕೆಗೆ ಗೊತ್ತಾಗಿಬಿಡುತ್ತಿತ್ತು.

ಉತ್ತರದ ಜೊತೆಗೆ ಕೊಸರೂ ಸಿಗುತ್ತಿತ್ತು. "ಆ ಬಸ್ಸು ಬೇಡ, ಹಿಂದಿನ ಸೀಟಲ್ಲಿ ಕೂತ್ರೆ ಕರುಳು ಬಾಯಿಗೆ ಬರುತ್ತೆ. ಮುಂದಿನದಕ್ಕೆ ಹೋಗಿ. ಮಗೂಗೆ ಟೋಪಿ ಹಾಕಿ. ಮನೇಲಿ ಜಗಳ ಆಡ್ಕೊಂಡು ಹೊರಟಿದ್ರೆ ಒಂದು ಫೋನ್ ಮಾಡಿ ಹೋಗಿ." ಜಗಳದ ವಿಷಯ ಆಕೆಗೆ ಹೇಗೆ ತಿಳಿಯಿತು ಎಂದು ಯೋಚಿಸುತ್ತ ಜನ ಬಸ್ಸು ಹತ್ತುತ್ತಿದ್ದರು.

ಕೆಲವರು ಮಾತ್ರ ಉತ್ತರ ಸಿಕ್ಕ ಮೇಲೂ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ. ಹಿಂದಿನ ಸಾಲು ಗೊಣಗುತ್ತಿತ್ತು. ಅಕ್ಕ "ಮುಂದಿನವರು ಬನ್ನಿ" ಎನ್ನುತ್ತಿದ್ದಳು.

ನಿಲ್ದಾಣಕ್ಕೆ ದೊಡ್ಡ ಪರದೆ ಬಂದು ಬಸ್ಸುಗಳ ಹೊತ್ತುಗೊತ್ತು ಅದರ ಮೇಲೆ ಓಡತೊಡಗಿದಾಗ ಕಿಟಕಿಗೆ ಹಲಗೆ ಬಡಿದು, ಅಕ್ಕನನ್ನು ಟೈರುಗಳ ಉಗ್ರಾಣಕ್ಕೆ ಹಾಕಿದರು. ಟೈರುಗಳು ಏನನ್ನೂ ಕೇಳುವುದಿಲ್ಲ. ಆ ನಿಶ್ಶಬ್ದದಲ್ಲಿ ಕೂತಾಗ ಅಕ್ಕನಿಗೆ ಕಿಟಕಿ ಬಿಟ್ಟು ಕದಲದವರ ನೆನಪಾಗುತ್ತಿತ್ತು. ಅವರಿಗೆ ಇನ್ನೇನೋ ಹೇಳುವುದಿತ್ತು ಎಂಬ ಅನುಮಾನ ಬಲವಾಯಿತು. ಮುಂದಿನವರು ಬನ್ನಿ ಎನ್ನಬೇಕಾಗಿಲ್ಲದ ಒಂದು ಕುರ್ಚಿ ಬೇಕು ಅನ್ನಿಸಿತು. ಅವಧಿಗೆ ಮೊದಲೇ ನಿವೃತ್ತಿ ಪಡೆದು, ಎಂದೋ ಮಾಡಿದ್ದ ಬಿ.ಎ. ಪದವಿಯ ಧೂಳು ಕೊಡವಿ, ಆಪ್ತ ಸಮಾಲೋಚಕರನ್ನು ತಯಾರು ಮಾಡುವ ಸ್ನಾತಕೋತ್ತರ ಕೋರ್ಸಿಗೆ ಸೇರಿದಳು.

ಊರೆಲ್ಲ ಒಪ್ಪಿತು. ಬುದ್ಧಿ ಹೇಳುವುದಕ್ಕೂ ಒಂದು ಡಿಗ್ರಿ ಇದೆಯೆಂದರೆ ಅದು ಈ ಹೆಂಗಸಿಗೇ ಸಿಗಬೇಕು ಎಂದು ಎಲ್ಲರೂ ಅಂದುಕೊಂಡರು. ಅಕ್ಕನೂ ಹಾಗೇ ಅಂದುಕೊಂಡಿದ್ದಳು. ಮೊದಲ ತರಗತಿಯಲ್ಲೇ ಪಾಠದ ಮೇಡಂ, ವಯಸ್ಸಿನಲ್ಲಿ ಅಕ್ಕನಿಗಿಂತ ಚಿಕ್ಕವರು, ತಣ್ಣನೆಯ ದನಿಯಲ್ಲಿ ಹೇಳಿದರು: "ಇಲ್ಲಿ ಯಾರೂ ಯಾರಿಗೂ ಬುದ್ಧಿ ಹೇಳೋದಿಲ್ಲ. ಹೇಳದೇ ಇರೋದನ್ನ ಕಲಿಯೋಕೆ ಎರಡು ವರ್ಷ ಬೇಕು."

ಅಕ್ಕ ಅದನ್ನು ನೀಟಾಗಿ ಬರೆದುಕೊಂಡಳು. ಪಕ್ಕದಲ್ಲಿದ್ದ ಹುಡುಗಿಗೆ, ಪೆನ್ನು ಹಾಗೆ ಹಿಡಿದರೆ ಬೆರಳು ನೋಯುತ್ತದೆ ಎಂದು ಹೇಳಿದಳು.

ಲಿಖಿತ ಪರೀಕ್ಷೆಗಳು ಅಕ್ಕನಿಗೆ ಕಷ್ಟವಾಗಲಿಲ್ಲ. ವೇಳಾಪಟ್ಟಿ ಬಾಯಿಪಾಠ ಮಾಡಿದ ತಲೆಗೆ ಮನಶ್ಶಾಸ್ತ್ರ ಯಾವ ಲೆಕ್ಕ? ಕಷ್ಟವಾದದ್ದು ಪ್ರಾಕ್ಟಿಕಲ್. ಅದಕ್ಕೆಂದೇ ಒಂದು ಕೋಣೆ. ಎರಡು ಕುರ್ಚಿ, ಒಂದು ಲೋಟ ನೀರು, ಗೋಡೆಗೆ ಗಾಜು. ಗಾಜಿನ ಆಚೆ ಕೂತ ಮೇಡಂ ಮತ್ತು ವಿದ್ಯಾರ್ಥಿಗಳಿಗೆ ಒಳಗಿನದು ಕಾಣುತ್ತದೆ, ಒಳಗಿನವರಿಗೆ ತಮ್ಮ ಮುಖ ಮಾತ್ರ ಕಾಣುತ್ತದೆ. ಇದೆಲ್ಲ ಗೊತ್ತಿದ್ದೂ ಒಪ್ಪಿದ ಊರಿನವರು, ನಿಜವಾದ ಸಣ್ಣಪುಟ್ಟ ಸಂಕಟಗಳನ್ನು ಇಟ್ಟುಕೊಂಡು, ಮಾತಾಡಲು ಬರುತ್ತಾರೆ. ಅವರ ಕುರ್ಚಿಯ ಹಿಂದೆ, ವಿದ್ಯಾರ್ಥಿಯ ಕಣ್ಣಿಗೆ ನೇರ ಬೀಳುವಂತೆ, ಒಂದು ಪುಟ್ಟ ಕೆಂಪು ಬಲ್ಬು. ವಿದ್ಯಾರ್ಥಿ ಬುದ್ಧಿ ಹೇಳಿದರೆ, ನಡುವೆ ಬಾಯಿ ಹಾಕಿದರೆ, ಮೇಡಂ ಆಚೆಯಿಂದ ಗುಂಡಿ ಒತ್ತುತ್ತಾರೆ. ವಿದ್ಯಾರ್ಥಿಗಳು ಅದಕ್ಕೆ ಉಪದೇಶದ ಬಲ್ಬು ಎಂದು ಹೆಸರಿಟ್ಟಿದ್ದರು.

ಅಕ್ಕನ ಮೊದಲ ಪರೀಕ್ಷೆಗೆ ಬಂದವಳು ತಂಗಿಯೊಡನೆ ಮಾತು ಬಿಟ್ಟಿದ್ದ ಒಬ್ಬ ಟೈಲರು. "ನಮ್ಮ ತಂಗಿ..." ಎಂದು ಆಕೆ ಶುರು ಮಾಡುವಷ್ಟರಲ್ಲಿ ಅಕ್ಕ ತಂಗಿಯ ಮನೆಗೆ ಯಾವಾಗ ಹೋಗಬೇಕು, ಮೊದಲ ಮಾತು ಏನಾಡಬೇಕು, ಯಾವುದನ್ನು ಎತ್ತಲೇಬಾರದು ಎಂದು ಹೇಳಿ ಮುಗಿಸಿದ್ದಳು. ಬಲ್ಬು ಹೊತ್ತಿದ್ದು ಆರಲೇ ಇಲ್ಲ. ಅಕ್ಕನ ನೋಟವನ್ನೇ ಹಿಂಬಾಲಿಸಿ ಟೈಲರು ಹಿಂದೆ ತಿರುಗಿದಳು.

"ಅಕ್ಕಾ, ಸ್ವಿಚ್ ಎಲ್ಲೋ ಅಂಟಿಕೊಂಡಿದೆ ಅನ್ಸುತ್ತೆ."

ಯಾವ ಎಲೆಕ್ಟ್ರಿಷಿಯನ್ನನ್ನು ಕರೆಸಬೇಕು ಎಂದು ಅಕ್ಕ ಅದನ್ನೂ ಹೇಳಿದಳು.

ಮೇಡಂ ಬೈಯಲಿಲ್ಲ. "ನೀವು ಹೇಳಿದ್ದು ಒಂದೂ ತಪ್ಪಿಲ್ಲ ಅಕ್ಕ. ಆದ್ರೆ ಆಕೆ ಇನ್ನೂ ಏನೂ ಕೇಳಿರ್ಲಿಲ್ಲ." ನಿಯಮ ಇಷ್ಟೇ: ಇನ್ನೊಂದು ಅವಕಾಶ ಇದೆ, ಮೂರನೆಯದು ಇಲ್ಲ. ಪಾಸಾದರೆ ದೊಡ್ಡಾಸ್ಪತ್ರೆಯ ಸಮಾಲೋಚನೆ ಕೋಣೆಯಲ್ಲಿ ತರಬೇತಿ. ಇಲ್ಲವಾದರೆ ಕೋರ್ಸಿಗೇ ಅಲ್ಲಿಗೆ ನಮಸ್ಕಾರ. ಆ ಆಸ್ಪತ್ರೆಯ ಕೋಣೆಯನ್ನು ಅಕ್ಕ ಆಗಲೇ ಬಾಗಿಲಲ್ಲಿ ನಿಂತು ನೋಡಿ ಬಂದಿದ್ದಳು. ಅಲ್ಲಿ ಸಾಲು ಇರಲಿಲ್ಲ, ಗಾಜೂ ಇರಲಿಲ್ಲ. ಒಂದು ಕುರ್ಚಿಯ ಎದುರು ಇನ್ನೊಂದು ಕುರ್ಚಿ ಇತ್ತು.

ಸಪ್ಪೆ ಮುಖ ಹಾಕಿಕೊಂಡು ಮನೆಗೆ ಬಂದವಳನ್ನು ಗಂಡ ನೋಡಿದರು. ಅವರು ಕಾರು ಕಲಿಸುವ ಶಾಲೆಯಲ್ಲಿ ಮೇಷ್ಟ್ರು. ಕಲಿಸುವ ಕಾರಿನಲ್ಲಿ ಕಲಿಯುವವರಿಗೊಂದು ಬ್ರೇಕ್, ಪಕ್ಕದಲ್ಲಿ ಕೂತ ಮೇಷ್ಟ್ರಿಗೆ ಇನ್ನೊಂದು. ಆ ಎರಡನೇ ಬ್ರೇಕನ್ನು ಒತ್ತಿ ಒತ್ತಿ ಅವರ ಬಲಗಾಲು ಎಂಥದ್ದಾಗಿತ್ತೆಂದರೆ, ಟೀವಿಯಲ್ಲಿ ಕಾರು ವೇಗವಾಗಿ ಬಂದರೂ ಸೋಫಾದ ಮುಂದಿನ ಚಾಪೆಯನ್ನು ಒತ್ತುತ್ತಿತ್ತು. ಊರು ಅವರನ್ನು ಬ್ರೇಕ್ ಮೇಷ್ಟ್ರು ಎನ್ನುತ್ತಿತ್ತು. ಮಾತು ಕಡಿಮೆ. "ನಿಧಾನ" ಎಂಬ ಒಂದು ಪದದಲ್ಲಿ ಅವರ ಸಂಸಾರ ನಡೆದಿತ್ತು.

"ನಿಂಗೆ ತಿಳಿವಳಿಕೆ ಕಮ್ಮಿ ಇಲ್ಲ," ಎಂದರು. "ಬ್ರೇಕ್ ಇಲ್ಲ, ಅಷ್ಟೆ. ನಾಳೆಯಿಂದ ನಾನು ಹಾಕ್ತೀನಿ."

ಹೀಗೆ ಊಟದ ಮೇಜಿನಲ್ಲಿ ಅಭ್ಯಾಸ ಶುರುವಾಯಿತು. ಅಕ್ಕ ಒಂದು ಕಡೆ, ಅವಳ ಪಕ್ಕದಲ್ಲಿ ಮೇಷ್ಟ್ರು. ಮೇಜಿನ ಕೆಳಗೆ ಅಕ್ಕನ ಪಾದದ ಮೇಲೆ ಮೇಷ್ಟ್ರ ಪಾದ. ಎದುರಿಗೆ, ಸಂಕಟ ಹೇಳಿಕೊಳ್ಳಲು ಬಂದವರಾಗಿ, ಅತ್ತೆ.

"ಹೇಳಿ, ಏನು ಮಾತಾಡ್ಬೇಕು ಅಂತ ಬಂದ್ರಿ?" ಅಕ್ಕ ಕೇಳಿದಳು.

"ಬಂದೆ ಅಂದ್ರೆ? ಇದು ನನ್ ಮನೆ. ನಾನೆಲ್ಲಿಂದ ಬರ್ಲಿ?"

"ಅತ್ತೆ, ಇದು ನಾಟಕ. ಹೊರಗಿನವರ ಥರ ಮಾಡಿ."

ಅತ್ತೆ ಎದ್ದು ಬಾಗಿಲಾಚೆ ಹೋದರು. ಚಪ್ಪಲಿ ಹಾಕಿಕೊಂಡು, ಕೈಚೀಲ ಹಿಡಿದು, ಬಾಗಿಲು ತಟ್ಟಿ ಒಳಗೆ ಬಂದರು. ಕೂತು ಸೆರಗು ಸರಿಮಾಡಿಕೊಂಡರು. "ಏನ್ ಹೇಳ್ಲಿ ಮೇಡಂ. ನಮ್ಮನೇಲಿ ಒಬ್ಳು ಸೊಸೆ ಇದಾಳೆ."

ಅಕ್ಕನ ಬಾಯಿ ತೆರೆಯಿತು. ಕೆಳಗೆ ಬ್ರೇಕ್ ಬಿತ್ತು.

"ಸೊಸೆ ಇದಾಳೆ," ಎಂದಳು ಅಕ್ಕ. ಹೇಳಿದ್ದನ್ನೇ ಹಿಂದಿರುಗಿಸಿ ಎಂದು ತರಗತಿಯಲ್ಲಿ ಕಲಿಸಿದ್ದರು.

"ಅದನ್ನೇ ತಾನೇ ನಾನೂ ಹೇಳಿದ್ದು. ಒಳ್ಳೇವ್ಳೇ. ಬುದ್ಧೀನೂ ಇದೆ. ಆ ಬುದ್ಧಿ ಹಂಚೋ ಕಿಟಕಿ ಮಾತ್ರ ಮುಚ್ಚೋದೇ ಇಲ್ಲ. ನಿಲ್ದಾಣದ್ದು ಮುಚ್ಚಿದ್ಮೇಲೆ ಪೂರ್ತಿಯಾಗಿ ಮನೇಲೇ ತೆರೆದಿದಾಳೆ."

ಬ್ರೇಕ್.

"ನಿಮಗೆ... ಬೇಜಾರಾಗಿದೆ."

"ಬೇಜಾರಲ್ಲಮ್ಮ, ಹೊಟ್ಟೆ ಉರಿ. ಮಂಡಿ ಮುಟ್ಕೊಂಡ್ರೆ ಸಾಕು, ಎಣ್ಣೆ ಬಾಟ್ಲಿ ತಂದಿಡ್ತಾಳೆ. ಸೊಳ್ಳೆ ಕೂತಿತ್ತು ಅಂತ ಹೇಳೋಕೂ ಬಿಡಲ್ಲ."

"ಅದು ನೀವು ಮೊನ್ನೆ ನೋವು ಅಂತ..." ಬ್ರೇಕ್ ಎಷ್ಟು ಜೋರಾಗಿ ಬಿತ್ತೆಂದರೆ ಮೇಜಿನ ಮೇಲಿನ ಲೋಟ ಅಲುಗಿತು.

ಅತ್ತೆ ಮಗನ ಕಡೆ ಮೆಚ್ಚುಗೆಯಿಂದ ನೋಡಿ ಮುಂದುವರಿಸಿದರು. "ಅವ್ಳು ಈ ಮನೆಗೆ ಬಂದಾಗಿಂದ ಒಂದು ಕಥೆ ಹೇಳ್ಬೇಕು ಅಂತಿದೀನಿ. ನಾನು ಚಿಕ್ಕೋಳಿದ್ದಾಗ ಹೊಳೆ ದಾಟೋ ದೋಣಿ ಬಿಟ್ಟು ಹೋಗಿದ್ದು. ದಡಕ್ಕೆ ಬಂದೆ ಅನ್ನೋಷ್ಟ್ರಲ್ಲಿ 'ಮುಂದಿನ ದೋಣೀಲಿ ಹೋಗ್ಬೇಕಿತ್ತು' ಅಂತಾಳೆ. ಮುಗೀತು. ಪ್ರತಿ ಸಲಾನೂ ನಾನು ಆ ದಡದಲ್ಲೇ ನಿಂತಿರ್ತೀನಿ. ಈ ಮನೇಲಿ ಒಂದು ಕಥೆ ಪೂರ್ತಿ ಹೇಳಿ ಮುಗಿಸಿಲ್ಲ ಮೇಡಂ ನಾನು."

ಈ ಸಲ ಬ್ರೇಕ್ ಬೀಳಲಿಲ್ಲ. ಅಕ್ಕನ ಬಾಯಿ ತೆರೆದೇ ಇರಲಿಲ್ಲ. ಇದು ನಾಟಕದ ಮಾತೋ ನಿಜದ್ದೋ ಎಂದು ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ಕೈಚೀಲ ಎತ್ತಿಕೊಂಡು, "ಫೀಸ್ ಕೊಡಲ್ಲ, ಹೇಳಿರ್ತೀನಿ," ಎಂದು ಎದ್ದರು.

"ಆ ಕಥೆ ಈಗ ಹೇಳಿ ಅತ್ತೆ," ಎಂದಳು ಅಕ್ಕ.

"ಮೊದ್ಲು ಪಾಸಾಗಿ ಬಾ. ಅರ್ಧಂಬರ್ಧ ಕಲಿತೋರ ಹತ್ರ ನಾನು ಹೇಳಲ್ಲ."

ಅಭ್ಯಾಸ ನಡೆದಂತೆ ಅಕ್ಕನ ಮಾತು ಕಡಿಮೆಯಾಯಿತು, ಪಾದ ಊದಿತು. ಆದರೆ ಮೇಷ್ಟ್ರು ಪಕ್ಕದಲ್ಲಿಲ್ಲದಾಗ ಏನೂ ಬದಲಾಗಿರಲಿಲ್ಲ. ಹಾಲಿನವನಿಗೆ ಸೈಕಲ್ ಚೈನಿನ ಬಗ್ಗೆ, ಎದುರುಮನೆಯ ವಕೀಲರಿಗೆ ಕೇಸಿನ ಬಗ್ಗೆ ಸಲಹೆ ಹೋಗುತ್ತಲೇ ಇತ್ತು. "ಪರೀಕ್ಷೆ ಕೋಣೆಗೆ ನಾನು ಬರೋ ಹಾಗಿಲ್ಲ," ಎಂದರು ಮೇಷ್ಟ್ರು. "ನನ್ ಹತ್ರ ಕಲಿಯೋರಿಗೂ ಅದೇ ಹೇಳೋದು. ಲೈಸೆನ್ಸ್ ಸಿಗೋದು ನಿಮ್ಮ ಕಾಲಿಗೆ, ನನ್ನ ಕಾಲಿಗಲ್ಲ."

ಎರಡನೇ ಪರೀಕ್ಷೆಯ ದಿನ ಅಕ್ಕ ಕುರ್ಚಿಯಲ್ಲಿ ಕೂತು ಬಲ್ಬನ್ನೇ ನೋಡುತ್ತಿದ್ದಳು. ಬಂದವನು ಒಬ್ಬ ಕ್ಷೌರಿಕ, ನಡುವಯಸ್ಸು, ಶರ್ಟಿನ ಕಾಲರಿನಲ್ಲಿ ಯಾರದೋ ಕೂದಲು. ಕೂತವನೇ ಕಣ್ಣು ಕಿರಿದು ಮಾಡಿದ.

"ನೀವು ಬಸ್ ಸ್ಟ್ಯಾಂಡಲ್ಲಿ ಇದ್ರಲ್ವಾ?"

"ಇದ್ದೆ," ಎಂದಳು ಅಕ್ಕ. ಬಲ್ಬು ಹೊತ್ತಲಿಲ್ಲ.

ಅಣ್ಣತಮ್ಮ ಸೇರಿ ಒಂದು ಅಂಗಡಿ ನಡೆಸುತ್ತಿದ್ದದ್ದು, ಗಿರಾಕಿಗಳ ಎದುರಿಗೇ ಒಂದು ದಿನ ಜಗಳವಾಗಿದ್ದು, ಅಣ್ಣ ತನ್ನ ಕತ್ತರಿಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಬೇರೆ ಊರಿಗೆ ಹೋದದ್ದು, ಅವನ ಕುರ್ಚಿಯಲ್ಲಿ ಇವತ್ತಿಗೂ ತಾನು ಯಾರನ್ನೂ ಕೂರಿಸದೆ ಇರುವುದು, ಎಲ್ಲವನ್ನೂ ಹೇಳಿದ. ಅಕ್ಕ ಕೇಳಿದಳು. ನಾಲಿಗೆಯ ತುದಿಗೆ ಬಂದದ್ದನ್ನೆಲ್ಲ ನುಂಗಿದಳು. ಆಮೇಲೆ ಅವನು ಕೇಳಿದ:

"ಅಕ್ಕಾ, ಆ ಊರಿಗೆ ಬೆಳಿಗ್ಗೆ ಮೊದಲ ಬಸ್ಸು ಎಷ್ಟೊತ್ತಿಗೆ?"

ಅದು ಅನ್ಯಾಯದ ಪ್ರಶ್ನೆ. ಅಕ್ಕನಿಗೆ ಹೊತ್ತು ಗೊತ್ತಿತ್ತು, ಯಾವ ಅಂಕಣ ಎಂದು ಗೊತ್ತಿತ್ತು, ಎಡಗಡೆ ಕೂತರೆ ದಾರಿಯುದ್ದಕ್ಕೂ ಬಿಸಿಲು ಎಂಬುದೂ ಗೊತ್ತಿತ್ತು. ಉತ್ತರ ಗಂಟಲಿಗೆ ಬಂದು ಸಾಲಾಗಿ ನಿಂತಿತು. ಅಕ್ಕ ಕುರ್ಚಿಯ ಕೆಳಗೆ ಎಡ ಚಪ್ಪಲಿ ಕಳಚಿದಳು. ಎಡ ಹಿಮ್ಮಡಿಯನ್ನು ಬಲ ಪಾದದ ಮೇಲೆ, ಮೇಷ್ಟ್ರು ಒತ್ತುತ್ತಿದ್ದ ಅದೇ ಜಾಗದಲ್ಲಿ ಇಟ್ಟು, ಇಡೀ ಮೈಭಾರ ಬಿಟ್ಟಳು. ಕಣ್ಣಲ್ಲಿ ನೀರು ಬಂತು. ಬಾಯಿ ಮುಚ್ಚಿಯೇ ಇತ್ತು.

ಕ್ಷೌರಿಕ ಗಾಜಿನಲ್ಲಿ ತನ್ನ ಮುಖ ನೋಡಿಕೊಂಡ.

"ಹೊತ್ತು ನನಗೆ ಗೊತ್ತು," ಎಂದ. "ಎಷ್ಟೋ ಸಲ ನಿಮ್ಮ ಕಿಟಕೀಗೇ ಬಂದು ಕೇಳಿದೀನಿ. ನೀವು ಹೇಳ್ತಿದ್ರಿ. ನಾನು ಅಲ್ಲೇ ನಿಂತಿರ್ತಿದ್ದೆ. ಮುಂದಿನವರು ಬನ್ನಿ ಅಂತಿದ್ರಿ, ವಾಪಸ್ ಅಂಗಡಿಗೆ ಹೋಗ್ತಿದ್ದೆ."

ಅಕ್ಕನಿಗೆ ಈ ಮುಖದ ನೆನಪಿರಲಿಲ್ಲ. ಆ ತೂತಿನಲ್ಲಿ ಮುಖಗಳು ಪೂರ್ತಿ ಕಾಣುತ್ತಿರಲಿಲ್ಲ.

"ನಿಂತಿರ್ತಿದ್ರಿ," ಎಂದಳು. ಅಷ್ಟೇ ಹೇಳಿ ನಿಲ್ಲಿಸಿದಳು.

"ಹ್ಞೂಂ. ಹೋದ್ರೆ ಅಣ್ಣ ಬಾಗಿಲು ತೆಗೀದಿದ್ರೆ?" ಎಂದು ಶುರು ಮಾಡಿದವನು ಗಡಿಯಾರ ನೋಡಲಿಲ್ಲ. ಒಮ್ಮೆ ಅವನ ಕೈ ಲೋಟದ ಕಡೆ ಹೋಗಿ ಹಿಂದಕ್ಕೆ ಬಂತು. ಅಕ್ಕ "ನೀರು ಕುಡೀರಿ" ಎಂದಳು. ಬಲ್ಬು ಮಿಣುಕ್ಕೆಂದು ಹೊತ್ತಿ, ತಪ್ಪಾಯಿತೆಂಬಂತೆ ತಕ್ಷಣ ಆರಿತು.

ಹೊರಗೆ ಬಂದಾಗ ಮೇಡಂ ಬಾಗಿಲಲ್ಲಿದ್ದರು. "ಪಾಸು," ಎಂದರು. "ನೀರಿನ ವಿಷಯದಲ್ಲಿ ನನಗೂ ಅನುಮಾನ ಬಂತು, ಬಿಟ್ಟೆ. ಆದ್ರೆ ನಡುವೆ ನಿಮ್ಮ ಮುಖ ಯಾಕೆ ಹಾಗಾಯ್ತು? ಪಾಪ, ಅವರೇ ನಿಮಗೆ ಸಮಾಧಾನ ಹೇಳ್ತಾರೇನೋ ಅಂತಿದ್ದೆ."

ಅಕ್ಕ ಪಾದ ತೋರಿಸಿದಳು. ಹಿಮ್ಮಡಿಯ ಅಚ್ಚು ಕೆಂಪಗೆ ಎದ್ದಿತ್ತು. ಮೇಡಂ ಬಹಳ ಹೊತ್ತು ನೋಡಿ, "ಆಸ್ಪತ್ರೇಲಿ ಇದನ್ನ ಬಿಡಿಸ್ಬೇಕು," ಎಂದರು.

ಗೇಟಿನ ಹತ್ತಿರ ಕ್ಷೌರಿಕ ಕಾಯುತ್ತಿದ್ದ. "ಪರೀಕ್ಷೆ ಮುಗೀತಲ್ಲ ಅಕ್ಕ. ಯಾವ ಕಡೆ ಕೂತ್ರೆ ಬಿಸಿಲು ಬರಲ್ಲ? ನಿಜವಾಗ್ಲೂ ಹೋಗೋನು ಕೇಳ್ತಿದೀನಿ."

"ಬಲಗಡೆ," ಎಂದಳು ಅಕ್ಕ. ಅದರ ಜೊತೆಗೆ ಕೊಸರು ಕೊಡಲಿಲ್ಲ. ಕೊಡುವಷ್ಟರಲ್ಲಿ ಅವನು ಹೊರಟುಬಿಟ್ಟಿದ್ದ ಎನ್ನುವುದೂ ನಿಜ.

ಮನೆಯಲ್ಲಿ ಅತ್ತೆ ಮೊದಲು ಕೇಳಿದ್ದು, ಬಂದವರು ಯಾರು, ಅವರ ಕಷ್ಟ ಏನು ಎಂದು. ಹೇಳುವ ಹಾಗಿಲ್ಲ ಎಂದಳು ಅಕ್ಕ. "ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ. ನಿನಗೆ ಓದಿ ಇದ್ದದ್ದೂ ಹೋಯ್ತು," ಎಂದು ಗೊಣಗಿದ ಅತ್ತೆ, ಊಟವಾದ ಮೇಲೆ ಮೇಜಿನಿಂದ ಏಳಲಿಲ್ಲ. ಮಾತು ಕೊಟ್ಟಿದ್ದರು. "ನಾನು ಚಿಕ್ಕೋಳಿದ್ದಾಗ..." ಎಂದು ಶುರು ಮಾಡಿ, ದಡಕ್ಕೆ ಬಂದು, ರೂಢಿಯಂತೆ ಅಲ್ಲಿ ನಿಂತು ಸೊಸೆಯ ಮುಖ ನೋಡಿದರು. ಯಾರೂ ಏನೂ ಅನ್ನಲಿಲ್ಲ. ಅತ್ತೆಗೆ ಕೊಂಚ ಗಾಬರಿಯಾಯಿತು. ಅಲ್ಲಿಂದ ಮುಂದಕ್ಕೆ ಅವರು ಈ ಮನೆಯಲ್ಲಿ ಎಂದೂ ಹೋದವರಲ್ಲ.

"ದೋಣಿ ಬಿಟ್ಟು ಹೋಗಿದ್ದಲ್ಲ," ಎಂದರು ಕೊನೆಗೆ. "ನಾನೇ ಬಿಟ್ಟೆ. ನಮ್ಮ ದೊಡ್ಡಮ್ಮನ ಮನೇಲಿ ಇರೋಕೆ ಕಳಿಸ್ತಿದ್ರು. ನನಗೆ ಇಷ್ಟ ಇರ್ಲಿಲ್ಲ. ದಡದಲ್ಲಿದ್ದ ಮೂಟೆಗಳ ಹಿಂದೆ ಕೂತು, ದೊಡ್ಡಮ್ಮನಿಗೆ ಅಂತ ಕೊಟ್ಟಿದ್ದ ಡಬ್ಬಿ ಪೂರ್ತಿ ಖಾಲಿ ಮಾಡ್ದೆ. ದೋಣಿ ಹೋಗೋದನ್ನ ನೋಡ್ತಾ."

ಇಷ್ಟು ವರ್ಷ ತಾನು ಮುಂದಿನ ದೋಣೀಲಿ ಹೋಗ್ಬೇಕಿತ್ತು ಎನ್ನುತ್ತ ಬಂದದ್ದು ಅಕ್ಕನಿಗೆ ನೆನಪಾಯಿತು.

"ಈಗ ಹೇಳು. ನಾನು ಮಾಡಿದ್ದು ಸರೀನಾ?"

ಮೇಷ್ಟ್ರ ಕಾಲು ತಾನಾಗಿ ಒತ್ತಿತು. ಆದರೆ ಅಕ್ಕ ಎರಡೂ ಕಾಲುಗಳನ್ನು ಕುರ್ಚಿಯ ಮೇಲೆ ಮಡಚಿಕೊಂಡು ಕೂತಿದ್ದಳು. ಒತ್ತಿದ್ದು ಬರೀ ನೆಲವನ್ನು.

"ಡಬ್ಬೀಲಿ ಏನಿತ್ತು ಅತ್ತೆ?"

ಅತ್ತೆಯ ಮುಖ ಅರಳಿತು. "ಅದನ್ನ ಹೇಳ್ಬೇಕು ಅಂದ್ರೆ ಮೊದ್ಲಿಂದ ಹೇಳ್ಬೇಕು," ಎಂದು ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ನಾನು ಚಿಕ್ಕೋಳಿದ್ದಾಗ..."

ಮೇಷ್ಟ್ರು ನೆಲವನ್ನು ಇನ್ನೊಮ್ಮೆ, ಈ ಸಲ ಬೇಕೆಂದೇ, ಒತ್ತಿದರು. ಕಥೆ ನಿಲ್ಲಲಿಲ್ಲ.