ಯಾರ ಊಟದ ಹೊತ್ತು

ಮೇದೋಜೀರಕ ಗ್ರಂಥಿಯ ಪಾಠವನ್ನು ನಾನು ಹೈಸ್ಕೂಲಿನಲ್ಲಿ ವರ್ಷವರ್ಷವೂ ಮಾಡುತ್ತೇನೆ. ಬೋರ್ಡಿನ ಮೇಲೆ ಜಠರದ ಹಿಂದೆ ಮೆಣಸಿನಕಾಯಿಯಂಥ ಒಂದು ಆಕಾರ ಬರೆದು, ಇದು ಉಂಡದ್ದನ್ನು ಅರಗಿಸುವ ರಸ ಕೊಡುತ್ತದೆ, ರಕ್ತದ ಸಕ್ಕರೆಯನ್ನು ಹದದಲ್ಲಿಡುತ್ತದೆ ಎಂದು ಹೇಳಿ ಮುಂದಿನ ಪುಟಕ್ಕೆ ಹೋಗುತ್ತಿದ್ದೆ. ಪರೀಕ್ಷೆಗೆ ಅಷ್ಟು ಸಾಕು. ಅದರ ಬಗ್ಗೆ ನನಗೇ ಎಷ್ಟು ಕಡಿಮೆ ಗೊತ್ತಿತ್ತು ಎಂಬುದು ತಂಗಿಗೆ ಸಕ್ಕರೆ ಕಾಯಿಲೆ ಬಂದಾಗ ತಿಳಿಯಿತು.

ನಮ್ಮ ತವರು ತಿಕೋಟಾ. ತಂಗಿಯನ್ನು ಬಬಲೇಶ್ವರಕ್ಕೆ, ದ್ರಾಕ್ಷಿ ತೋಟದ ದೊಡ್ಡ ಕುಟುಂಬಕ್ಕೆ ಕೊಟ್ಟಿದ್ದೇವೆ. ಸಕ್ಕರೆ ಕಾಯಿಲೆ ಎಂದರೆ ಹೊಟ್ಟೆ ಬಂದ ವ್ಯಾಪಾರಿಗಳಿಗೆ ಬರುವುದು ಎಂದು ನಾವೆಲ್ಲ ನಂಬಿದ್ದವರು. ಇವಳೋ ಕಡ್ಡಿ. ಮೂವತ್ತೂ ತುಂಬಿರಲಿಲ್ಲ. ಚಿಕ್ಕಂದಿನಿಂದ ಆಗಾಗ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗುತ್ತಿದ್ದಳು. ಅವ್ವ ಅಜವಾನ ಅಗಿಯಲು ಕೊಟ್ಟು, "ಸಾಲಿ ತಪ್ಪಸಾಕ ನಾಟಕಾ ಮಾಡಾಕತ್ತಾಳ" ಎನ್ನುತ್ತಿದ್ದಳು.

ವಿಜಯಪುರದ ಒಂದು ಆಸ್ಪತ್ರೆಯಲ್ಲಿ ಇಂಥವರನ್ನೇ ಹುಡುಕುವ ಡಾಕ್ಟರಮ್ಮ ಒಬ್ಬರಿದ್ದರು. ಮೈಯಲ್ಲಿ ಮಾಂಸವಿಲ್ಲದ, ಹೊಟ್ಟೆನೋವಿನ ಹಳೆಯ ಕಥೆಯಿರುವ ಸಕ್ಕರೆ ರೋಗಿಗಳ ಮೇಲೆ ಅವರು ಸಂಶೋಧನೆ ನಡೆಸಿದ್ದರು. ತಂಗಿಯ ಸ್ಕ್ಯಾನ್ ತೋರಿಸಿ, "ಇಲ್ಲಿ ನೋಡ್ರಿ, ಹರಳು" ಎಂದರು. ಬೂದು ಬಣ್ಣದ ನಡುವೆ ನುಚ್ಚು ಚೆಲ್ಲಿದ ಹಾಗೆ ಬಿಳಿ ಬಿಳಿ. ಮೂತ್ರಪಿಂಡದ ಹರಳು ಗೊತ್ತಿತ್ತು, ಮೇದೋಜೀರಕದಲ್ಲೂ ಹರಳೇ? ಗ್ರಂಥಿ ಹಾಳಾಗಿ, ಅರಗಿಸುವ ರಸವೂ ಇನ್ಸುಲಿನ್ನೂ ಎರಡೂ ಬತ್ತಿಹೋಗಿ ಬಂದ ಸಕ್ಕರೆ ಕಾಯಿಲೆಯಂತೆ ಇದು.

ಆಮೇಲೆ ಅವರು ಪ್ರಶ್ನೆಗಳಿಗೆ ಇಳಿದರು. ದಾರೂ ಕುಡಿಯುತ್ತೀರಾ ಎಂದದ್ದೇ ತಂಗಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನನಗೆ ಮಾತ್ರ ಸಿಟ್ಟು ಬಂತು. "ಮೇಡಂ, ಆಕಿ ಕೊಳ್ಳಾಗ ಲಿಂಗ ಐತ್ರಿ" ಎಂದೆ.

"ಎಲ್ಲಾರಿಗೂ ಕೇಳ್ತೀವಿ ಅಕ್ಕೋರ. ಕುಡದವರಿಗೆ ಹಿಂಗ ಆಗೋದು ಗೊತ್ತೈತಿ. ಕುಡೀದವರಿಗೆ ಯಾಕ ಅನ್ನೋದ ನಮ್ಮ ಪ್ರಶ್ನೆ."

"ಯಾಕ್ರಿ ಮತ್ತ?"

"ವಂಶದಾಗ ಬರೋ ದೋಷ ಒಂದಿಷ್ಟು ಮಂದಿಗೆ ಇರ್ತದ. ಉಳದದ್ದು ನನಗೂ ಗೊತ್ತಿಲ್ರಿ. ಗೊತ್ತಿದ್ರ ಇಷ್ಟೆಲ್ಲಾ ಯಾಕ ಮಾಡ್ತಿದ್ದೆ?"

ಗೊತ್ತಿಲ್ಲ ಎಂದು ಇಷ್ಟು ಸಲೀಸಾಗಿ ಹೇಳುವ ಡಾಕ್ಟರನ್ನು ನಾನು ನೋಡಿರಲಿಲ್ಲ. ಸಿಟ್ಟು ಅಲ್ಲೇ ಇಳಿಯಿತು. ನಾನೂ ಪ್ರಶ್ನೆ ಕೇಳುತ್ತ ಕೂತೆ, ಹೊರಗೆ ಕಾಯುತ್ತಿದ್ದವರು ಗೊಣಗುವವರೆಗೆ.

ಚಿಕಿತ್ಸೆ ಕೇಳಲು ಸರಳವಾಗಿತ್ತು. ಊಟದ ಹೊತ್ತಿಗೆ ಇನ್ಸುಲಿನ್ ಚುಚ್ಚಿಕೊಳ್ಳುವುದು, ಊಟದ ಹೊತ್ತಿಗೇ ಒಂದು ಗುಳಿಗೆ ನುಂಗುವುದು. ಗುಳಿಗೆಯಲ್ಲಿ ಅರಗಿಸುವ ರಸವಿತ್ತು. ಮೈ ಕೈ ತುಂಬಿಕೊಳ್ಳುತ್ತದೆ ಎಂದು ಡಾಕ್ಟರಮ್ಮ ಭರವಸೆ ಕೊಟ್ಟರು.

ತುಂಬಿಕೊಳ್ಳಲಿಲ್ಲ. ಪ್ರತಿ ಸಲ ತೂಕ ನೋಡಿದಾಗಲೂ ಕಡಿಮೆಯೇ. ಒಂದು ದಿನ ಒಲೆಯ ಮುಂದೆಯೇ ಕಣ್ಣು ಕತ್ತಲೆ ಬಂದು ಬಿದ್ದಳು. ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ಡಾಕ್ಟರಮ್ಮ ಈ ಸಲ ಭರವಸೆಯ ಮಾತಾಡಲಿಲ್ಲ. ಹೀಗೆಯೇ ಇನ್ನೊಮ್ಮೆ ಇಳಿದರೆ, ಹತ್ತಿರ ಯಾರೂ ಇಲ್ಲದಿದ್ದರೆ, ಜೀವಕ್ಕೆ ಅಪಾಯ ಎಂದು ನನಗೆ ನೇರವಾಗಿ ಹೇಳಿದರು. ಬೇರೆ ಹಲವರಿಗೆ ಗುಣ ಕೊಟ್ಟ ಗುಳಿಗೆ ಇವಳಿಗೆ ಯಾಕೆ ಹತ್ತುತ್ತಿಲ್ಲ ಎಂಬುದು ಅವರಿಗೂ ಬಗೆಹರಿದಿರಲಿಲ್ಲ.

ಗಂಡನ ಮನೆಯಲ್ಲಿ ಮಾತ್ರ ಉತ್ತರ ಸಿದ್ಧವಾಗಿತ್ತು. ಅತ್ತೆ ಫೋನಿನಲ್ಲಿ, "ಕದ್ದು ಮಣೂಕ ತಿಂತಾಳ ನೋಡ್ರಿ ಅಕ್ಕೋರ. ಸಕ್ಕರಿ ಇದ್ದಾಕಿ ಮಣೂಕ ತಿಂದ್ರ ಔಷಧ ಏನ ಮಾಡತೈತಿ?" ಎಂದರು. ಮನೆಯ ಪಕ್ಕದ ಶೆಡ್ಡಿನಲ್ಲೇ ಒಣದ್ರಾಕ್ಷಿಯ ರಾಶಿ ಬಿದ್ದಿರುತ್ತದೆ, ಬಾಯಿಗೆ ಹಾಕಿಕೊಂಡರೂ ಹಾಕಿಕೊಂಡಾಳು ಎಂದು ನನಗೂ ಅನ್ನಿಸಿತು. ಆದರೆ ದ್ರಾಕ್ಷಿ ತಿಂದವಳ ಸಕ್ಕರೆ ಏರಬೇಕಲ್ಲ, ಇಳಿದದ್ದು ಹೇಗೆ? ಇಂಥದ್ದು ತಲೆಯೊಳಗೆ ಹೊಕ್ಕಿತೆಂದರೆ ನನಗೆ ಕೂತಲ್ಲಿ ನಿಂತಲ್ಲಿ ಸಮಾಧಾನವಿಲ್ಲ. ರವಿವಾರ ಬಸ್ಸು ಹತ್ತಿ ಬಬಲೇಶ್ವರಕ್ಕೆ ಹೋದೆ.

ಮಧ್ಯಾಹ್ನ ಊಟಕ್ಕೆ ಕರೆದರು. ಗಂಡಸರೆಲ್ಲ ಸಾಲಾಗಿ ಕೂತರು, ಬೀಗರ ಕಡೆಯವಳೆಂದು ನನಗೂ ಅವರ ಜೊತೆ ತಾಟು. ತಂಗಿ ರೊಟ್ಟಿ ಬಡಿಯಲು ಶುರು ಮಾಡುವ ಮೊದಲು ಗೋಡೆಯ ಕಡೆ ತಿರುಗಿ ಸೂಜಿ ಚುಚ್ಚಿಕೊಂಡಳು, ಗುಳಿಗೆ ನುಂಗಿ ನೀರು ಕುಡಿದಳು. ಅಬ್ಬಾ, ಎಷ್ಟು ಶಿಸ್ತು ಎಂದುಕೊಂಡೆ. ಒಲೆಯಿಂದ ಒಂದೊಂದೇ ರೊಟ್ಟಿ ಉಬ್ಬಿಕೊಂಡು ಬಂತು. ಗಂಡಸರಾದ ಮೇಲೆ ಮಕ್ಕಳು, ಮಕ್ಕಳಾದ ಮೇಲೆ ತೋಟದಿಂದ ತಡವಾಗಿ ಬಂದ ಮೈದುನ. ನಾನು ಕೈ ತೊಳೆದು ಅಡಿಗೆಮನೆಯ ಬಾಗಿಲಲ್ಲೇ ನಿಂತೆ. ಅವಳ ಹಣೆಯ ಮೇಲೆ ಬೆವರು, ಹಿಟ್ಟು ತಟ್ಟುವ ಕೈಯಲ್ಲಿ ನಡುಕ. ಯಾರಾದರೂ ನೋಡಿಯಾರೆಂದು ಆಚೆ ಈಚೆ ಕಣ್ಣಾಡಿಸಿ ಡಬ್ಬಿಯಿಂದ ನಾಲ್ಕು ಒಣದ್ರಾಕ್ಷಿ ಬಾಯಿಗೆ ಹಾಕಿಕೊಂಡಳು.

"ನೀ ಯಾವಾಗ ಉಣ್ತಿ ಬೇ?"

"ಎಲ್ಲಾರದು ಆಗಲಿ. ನಾನು, ಅತ್ತಿ ಕಡೀಕ ಉಣ್ತೀವಿ."

"ಮತ್ತ ಸೂಜಿ, ಗುಳಿಗಿ ಆಗಲೇ ತಗೊಂಡಿ?"

"ಊಟದ ಹೊತ್ತಿಗೆ ತಗೋ ಅಂದಾರಲ್ಲಕ್ಕ. ಊಟದ ಹೊತ್ತ ಆಗಿತ್ತಲ್ಲ!"

ಗುಳಿಗೆ ಅವಳ ಖಾಲಿ ಹೊಟ್ಟೆಯಲ್ಲಿ ಕೆಲಸ ಹುಡುಕಿ ಸೋತು ಹೋಗಿರುತ್ತಿತ್ತು. ಇನ್ಸುಲಿನ್ ಇದ್ದಬದ್ದ ಸಕ್ಕರೆಯನ್ನೆಲ್ಲ ಇಳಿಸಿಬಿಡುತ್ತಿತ್ತು. ಕೊನೆಗೆ ಅವಳು ಉಣ್ಣುವ ಹೊತ್ತಿಗೆ ಅರಗಿಸಲು ರಸವೇ ಉಳಿದಿರುತ್ತಿರಲಿಲ್ಲ. ಅವಳನ್ನು ಅಷ್ಟು ದಿನ ಉಳಿಸಿದ್ದೇ ಆ ಕಳ್ಳ ದ್ರಾಕ್ಷಿ.

ಅಲ್ಲಿಂದಲೇ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಸೂಜಿ ಎಷ್ಟು ಹೊತ್ತಿಗೆ, ಊಟ ಎಷ್ಟು ಹೊತ್ತಿಗೆ ಎಂದು ಅವರು ಎರಡೆರಡು ಸಲ ಕೇಳಿದರು. ಆಮೇಲೆ, "ಕುಡೀತೀರೇನು ಅಂತ ಕೇಳಿದ್ವಿ ಅಕ್ಕೋರ. ಮನ್ಯಾಗ ಮೊದಲ ಯಾರು ಉಣ್ತಾರ ಅಂತ ಕೇಳಲೇ ಇಲ್ಲ ನೋಡ್ರಿ" ಎಂದರು. ಸೊಸೆ ಮೊದಲ ಪಂಕ್ತಿಯಲ್ಲೇ ಕೂಡಬೇಕು, ತುತ್ತಿನ ಜೊತೆಗೇ ಗುಳಿಗೆ ಹೋಗಬೇಕು ಎಂದು ಮಾವನಿಗೆ ಅವರೇ ತಿಳಿಸಿ ಹೇಳಿದರು. ನನ್ನ ಮಾತಾಗಿದ್ದರೆ ತವರಿನವರ ಜಂಬ ಎನ್ನುತ್ತಿದ್ದರು. ಡಾಕ್ಟರ್ ಹೇಳಿದ್ದಕ್ಕೆ ಮಾವ ಹೂಂ ಎಂದರು.

ಮುಂದಿನ ಸಲ ನಾನು ಹೋದಾಗ ತಂಗಿಯ ಕೆನ್ನೆಗೆ ಕಳೆ ಬಂದಿತ್ತು, ಜಾರುತ್ತಿದ್ದ ಬಳೆ ಮುಂಗೈಯಲ್ಲಿ ನಿಂತಿತ್ತು. ಖುಷಿಗೆ ನನ್ನ ಕಣ್ಣು ತುಂಬಿ ಬಂತು. ಊಟಕ್ಕೆ ಅವಳು ಗಂಡಸರ ಸಾಲಿನ ಕೊನೆಯಲ್ಲಿ ತಲೆ ತಗ್ಗಿಸಿ ಕೂತು, ಮೊದಲ ತುತ್ತಿನ ಜೊತೆ ಗುಳಿಗೆ ನುಂಗಿದಳು. ಒಲೆಯ ಮುಂದೆ ಅತ್ತೆ ಇದ್ದರು. ಅವರೇ ಬಿಸಿ ರೊಟ್ಟಿ ತಂದು ಸೊಸೆಯ ತಾಟಿಗೆ ಹಾಕಿ, ಅವಳು ಮುರಿದು ತಿನ್ನುವುದನ್ನು ನಿಂತು ನೋಡಿದರು.

"ಅಕ್ಕೋರ," ಎಂದರು ನನ್ನ ಕಡೆ ತಿರುಗಿ, ನಗುತ್ತಲೇ. "ನಿಮ್ಮ ಡಾಕ್ಟರಮ್ಮಗ ಹೇಳ್ರಿ, ನನಗೂ ಇಂಥಾದೊಂದು ಬ್ಯಾನಿ ಐತಿ ಅಂತ ಬರದು ಕೊಡಂತ. ಈ ಮನಿಗೆ ಬಂದಾಗಿಂದ ನಾನೂ ಬಿಸಿ ರೊಟ್ಟಿ ಉಂಡಿಲ್ಲ."